ಗೊಂಬೆಯ ಮೈಮೇಲಿನ ಚರಿತ್ರೆ: ಕಿತ್ತೂರು ಸೀಮೆಯ ಸೈನಿಕ ಉಡುಪಿನ ಶೋಧ

ಪ್ರಸ್ತಾವನೆ

ದೀಪಾವಳಿ ಬಂತೆಂದರೆ ಬೆಳಗಾವಿ ನಗರದ ಓಣಿಗಳಲ್ಲಿ ಮಕ್ಕಳು ಕಲ್ಲು, ಮಣ್ಣು, ಗೋಣಿತಟ್ಟುಗಳಿಂದ ಕೋಟೆ ಕಟ್ಟುತ್ತಾರೆ. ಅದರ ಬುರುಜುಗಳ ಮೇಲೆ ಗೇಣಿಗಿಂತ ಚಿಕ್ಕದಾದ ಸಿಪಾಯಿ ಗೊಂಬೆಗಳನ್ನು ನಿಲ್ಲಿಸುತ್ತಾರೆ. ಮರಾಠಾ ಪರಂಪರೆಯಿಂದ ಬಂದ ಈ ಆಚರಣೆ ಗಡಿಸೀಮೆಯ ಬಾಳಿನಲ್ಲಿ ಬೆರೆತುಹೋಗಿದೆ. ಪ್ರತಿವರ್ಷ ಅಕ್ಟೋಬರ್ ತಿಂಗಳಲ್ಲಿ ನಡೆಯುವ ಕಿತ್ತೂರು ಉತ್ಸವದ ಅಂಗಡಿಸಾಲುಗಳಲ್ಲಿಯೂ ಚೆನ್ನಮ್ಮ, ರಾಯಣ್ಣರ ಬಣ್ಣದ ಗೊಂಬೆಗಳು ಕಾಣಸಿಗುತ್ತವೆ. ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಬೈಲಹೊಂಗಲ ಕಡೆಯ ವಯೋವೃದ್ಧ ಗೊಂಬೆಗಾರರೊಬ್ಬರು ಈ ಲೇಖಕನನ್ನು ಹೀಗೆ ಕೇಳಿದರು: "ಸರ, ನೀವು ಓದಿದವರು. ಕಿತ್ತೂರ ಮಂದಿಗೆ ಯಾವ ಬಣ್ಣದ ಅಂಗಿ ಹಚ್ಚೂಣ್ರಿ?" ಅಂದು ಉತ್ತರ ನನ್ನ ಬಳಿ ಇರಲಿಲ್ಲ. ಪ್ರಸ್ತುತ ಲೇಖನವು ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವಾಗಿದೆ.

ಸಮವಸ್ತ್ರವಿಲ್ಲದ ಸೈನ್ಯ

ಒಂದು ಸೈನ್ಯವೆಂದರೆ ಒಂದೇ ಬಣ್ಣದ ಉಡುಪು ಎಂಬುದು ನಮ್ಮ ಕಾಲದ ಕಲ್ಪನೆ. ಕಿತ್ತೂರು ಸಂಸ್ಥಾನದ ಹೋರಾಟಗಾರರಲ್ಲಿ ಬಹುಸಂಖ್ಯಾತರು ಶೇತಸನದಿಗಳು. ಸಂಸ್ಥಾನದಿಂದ ಭೂಮಿಯನ್ನು ಉಂಬಳಿಯಾಗಿ ಪಡೆದು, ಪ್ರತಿಯಾಗಿ ಊರ ಕಾವಲು ಹಾಗೂ ಯುದ್ಧಸೇವೆ ಸಲ್ಲಿಸುತ್ತಿದ್ದವರು ಇವರು. ಸಂಗೊಳ್ಳಿಯ ರಾಯಣ್ಣನೂ ಇದೇ ವರ್ಗಕ್ಕೆ ಸೇರಿದವನು. ಉಗ್ರಾಣದಿಂದ ಅಂಗಿ ಹಂಚಿಸಿಕೊಳ್ಳುವ ಪದ್ಧತಿ ಇಂಥ ವ್ಯವಸ್ಥೆಯದಲ್ಲ. ಆಳು ತನ್ನ ಮನೆಯ ಬಟ್ಟೆ, ತನ್ನ ಕೈಯ ಆಯುಧದೊಂದಿಗೆ ಬಂದು ನಿಲ್ಲುತ್ತಾನೆ. ಕಚ್ಚೆ ಹಾಕಿದ ಧೋತರ ಅಥವಾ ಚಲ್ಲಣ, ಮೇಲೊಂದು ಅಂಗಿ, ತಲೆಗೆ ರುಮಾಲು, ನಡುವಿಗೆ ಬಿಗಿದ ನಡುಕಟ್ಟು, ಹೆಗಲಿಗೆ ಕರಿಯ ಕಂಬಳಿ: ಇವು ಈ ಸೀಮೆಯ ಒಕ್ಕಲಿಗನ, ಕುರಿಗಾರನ, ವಾಲೀಕಾರನ ನಿತ್ಯದ ಉಡುಪುಗಳು. ಸೈನಿಕನ ಉಡುಪೂ ಇವುಗಳಿಂದಲೇ ರೂಪುಗೊಂಡದ್ದು.

ಆದ್ದರಿಂದ ಹತ್ತು ಗೊಂಬೆಗಳಿಗೆ ಒಂದೇ ಕುಂಚದಿಂದ ಕೇಸರಿ ಅಂಗಿ ತೊಡಿಸಿದರೆ ಒಂದು ಮುಖ್ಯ ಸತ್ಯ ಮರೆಯಾಗುತ್ತದೆ. ಅವರು ಸಂಬಳದ ಸಿಪಾಯಿಗಳಾಗಿರಲಿಲ್ಲ. ಹೊಲವನ್ನು ಕಳೆದುಕೊಳ್ಳುವ ಭಯದಲ್ಲಿದ್ದ ರೈತರಾಗಿದ್ದರು. ಉಂಬಳಿ ಭೂಮಿಗಳ ಜಪ್ತಿ ಮತ್ತು ಕಂದಾಯದ ಹೊರೆ ರಾಯಣ್ಣನ ಬಂಡಾಯಕ್ಕೆ ಮೂಲ ಕಾರಣಗಳಲ್ಲಿ ಒಂದು ಎಂಬುದನ್ನು ನೆನೆದಾಗ, ಗೊಂಬೆಯ ಹೆಗಲ ಮೇಲಿನ ಕಂಬಳಿ ಅಲಂಕಾರವಾಗಿ ಉಳಿಯದೆ ಸಾಕ್ಷ್ಯವಾಗುತ್ತದೆ.

ಎದುರಾಳಿಯ ಬಣ್ಣ

ಬಯಲಾಟ, ನಾಟಕ, ಕ್ಯಾಲೆಂಡರ್ ಚಿತ್ರಗಳಲ್ಲಿ ಕಂಪನಿ ಸರಕಾರದ ಸೈನಿಕನೆಂದರೆ ಕೆಂಪು ಕೋಟಿನವನು. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆಯೊಡನೆ ನಿಂತಿದ್ದ ದಳ ಯಾವುದೆಂಬುದನ್ನು ಇಲ್ಲಿ ಗಮನಿಸಬೇಕು. ಅದು ಮದರಾಸಿನ ದೇಶೀ ಕುದುರೆ ತೋಪುಪಡೆ. ಆ ದಿನ ಥ್ಯಾಕರೆಯ ಜೊತೆಗೆ ಮಡಿದ ಕ್ಯಾಪ್ಟನ್ ಬ್ಲ್ಯಾಕ್ ಆ ಪಡೆಯ ಅಧಿಕಾರಿ. ಬ್ರಿಟಿಷ್ ಪದ್ಧತಿಯಲ್ಲಿ ಕೆಂಪು ಕಾಲಾಳುಗಳ ಬಣ್ಣ, ತೋಪುಪಡೆಯವರದು ನೀಲಿ. ಆದುದರಿಂದ ಮೊದಲ ಕಾಳಗದ ದೃಶ್ಯವನ್ನು ಗೊಂಬೆಗಳಲ್ಲಿ ನಿಲ್ಲಿಸುವವರು ತೋಪಿನ ಬಳಿಯ ಸಿಪಾಯಿಗೆ ಕಡುನೀಲಿ ಅಂಗಿ ಹಚ್ಚುವುದೇ ಸರಿ. ಡಿಸೆಂಬರ್ ಮೊದಲ ವಾರದಲ್ಲಿ ದೊಡ್ಡ ಸೈನ್ಯ ಬಂದು ಕೋಟೆಗೆ ಮುತ್ತಿಗೆ ಹಾಕಿದ ದೃಶ್ಯದಲ್ಲಿ ಕೆಂಪು ಕೋಟಿನ ಕಾಲಾಳುಗಳಿಗೆ ಎಡೆಯುಂಟು. ಒಂದೇ ಊರು, ಒಂದೇ ವರ್ಷ. ಆದರೆ ಎರಡು ಕಾಳಗಗಳಿಗೆ ಎರಡು ಬಣ್ಣ.

ಶಾಲಾ ಮಕ್ಕಳ ಮೆರವಣಿಗೆಗಳಲ್ಲಿ ಕಂಪನಿ ಸೈನಿಕರಿಗೆ ಖಾಕಿ ತೊಡಿಸುವುದೂ ಉಂಟು. ಇದು ಸಂಪೂರ್ಣ ಕಾಲದೋಷ. ಖಾಕಿ ಎಂದರೆ ಪಾರಸಿ ಮೂಲದಲ್ಲಿ ಧೂಳಿನ ಬಣ್ಣ. ವಾಯವ್ಯ ಗಡಿಯ ಪೇಶಾವರದಲ್ಲಿ 1840ರ ದಶಕದ ಕೊನೆಗೆ ಗೈಡ್ಸ್ ದಳದವರು ಅದನ್ನು ತೊಟ್ಟರು; 1857ರ ಬಂಡಾಯದ ಕಾಲದಲ್ಲಿ ಅದು ಹೆಚ್ಚು ಪ್ರಚಾರಕ್ಕೆ ಬಂದಿತು. ಮಂಗಳೂರಿನ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ ಖಾಕಿ ಬಣ್ಣದ ಬಟ್ಟೆ ಸಿದ್ಧವಾಯಿತೆಂಬ ಪ್ರಸಿದ್ಧ ಪ್ರತೀತಿಯೂ 1850ರ ದಶಕಕ್ಕೇ ಸಂಬಂಧಿಸಿದ್ದು. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಅಂದರೆ ಅವನು ಖಾಕಿ ತೊಟ್ಟ ಸಿಪಾಯಿಯನ್ನು ಕಂಡಿರಲು ಸಾಧ್ಯವಿಲ್ಲ.

ಆಕರಗಳು ಮತ್ತು ಅವುಗಳ ಮಿತಿ

ಉಡುಪಿನ ಬಣ್ಣಕ್ಕೆ ಸಾಕ್ಷ್ಯ ಎಲ್ಲಿಂದ? ಮೊದಲನೆಯದು ಚಿತ್ರ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಹುಲಿಪಟ್ಟೆಯ ಸಮವಸ್ತ್ರವನ್ನು ಕೊಟ್ಟಿದ್ದ ಟಿಪ್ಪುವಿನ ಸೈನ್ಯವನ್ನು ಕಿತ್ತೂರಿನ ಪಡೆಯೊಡನೆ ಹೋಲಿಸಲು ಇದು ಉಪಯುಕ್ತ. ಆದರೆ ಆ ಚಿತ್ರಗಳನ್ನು ಮುಂದೆ ಕಂಪನಿಯ ಆಡಳಿತದಲ್ಲಿ ಮತ್ತೆ ಬರೆಯಿಸಲಾಯಿತು. ಆದ್ದರಿಂದ ಅಲ್ಲಿನ ಬಣ್ಣವನ್ನು ಪ್ರಮಾಣವೆಂದು ಕಣ್ಣುಮುಚ್ಚಿ ಸ್ವೀಕರಿಸಲಾಗದು. ಎರಡನೆಯದು ವಸ್ತು. ಕಿತ್ತೂರು ಕೋಟೆಯ ಆವರಣದ ವಸ್ತುಸಂಗ್ರಹಾಲಯದಂಥ ಸ್ಥಳಗಳಲ್ಲಿ ಆಯುಧಗಳ ಆಕಾರ, ಅಳತೆಗಳನ್ನು ನೋಡಬಹುದು. ಬಟ್ಟೆ ಮಾತ್ರ ಲೋಹದಂತೆ ಬಾಳುವುದಿಲ್ಲ. ಮೂರನೆಯದು ಮೌಖಿಕ ಪರಂಪರೆ. ಫ್ಲೀಟ್ 19ನೆಯ ಶತಮಾನದಲ್ಲಿ ಸಂಗ್ರಹಿಸಿದ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯೂ ಇದೆ. ಲಾವಣಿ ಜನರ ನಿಲುವಿಗೆ ಶ್ರೇಷ್ಠ ಆಕರ. ಅಂಗಿಯ ಹೊಲಿಗೆಗೆ ಅದನ್ನು ಸಾಕ್ಷಿಯಾಗಿ ಕರೆಯುವುದು ಅದಕ್ಕೆ ಮಾಡುವ ಅನ್ಯಾಯ.

ನಾಲ್ಕನೆಯದಾಗಿ, ನಮಗೆ ಅರಿವಿಲ್ಲದೆಯೇ ಪ್ರಭಾವ ಬೀರಿದ ಆಕರವೊಂದಿದೆ. ಅದು 1961ರಲ್ಲಿ ಬಿ.ಆರ್. ಪಂತುಲು ನಿರ್ದೇಶಿಸಿದ 'ಕಿತ್ತೂರು ಚೆನ್ನಮ್ಮ' ಚಲನಚಿತ್ರ. ಅದು ಕಪ್ಪು-ಬಿಳುಪಿನ ಚಿತ್ರ. ಅದರ ವೇಷಗಳನ್ನು ಕಣ್ಣಲ್ಲಿಟ್ಟುಕೊಂಡವರು ಬಣ್ಣವನ್ನು ತಮ್ಮ ಮನಸ್ಸಿನಿಂದಲೇ ತುಂಬಿಕೊಂಡಿರಬೇಕು.

ಬಣ್ಣದ ಕಾಲಮಾನ

ನೇರ ಸಾಕ್ಷ್ಯ ದೊರೆಯದಲ್ಲಿ ಬಣ್ಣಗಾರಿಕೆಯ ಚರಿತ್ರೆ ನೆರವಿಗೆ ಬರುತ್ತದೆ. ಮೊದಲ ಕೃತಕ ಬಣ್ಣವನ್ನು ಪರ್ಕಿನ್ ಕಂಡುಹಿಡಿದದ್ದು 1856ರಲ್ಲಿ. ಅದಕ್ಕೆ ಮೊದಲು ನಮ್ಮ ಬಟ್ಟೆಗಳಿಗೆ ನೀಲಿಗಿಡದ ನೀಲಿ, ಮಡ್ಡಿ ಬೇರಿನ ಇಟ್ಟಿಗೆಗೆಂಪು, ಕುಸುಬೆ ಹೂವಿನ ಗುಲಾಲಿಗೆಂಪು, ಅರಿಶಿನದ ಹಳದಿ ಇವೇ ಮುಖ್ಯ ಆಸರೆಗಳಾಗಿದ್ದವು. ಬಡವನ ಅಂಗಿ ಹೆಚ್ಚಾಗಿ ಬಣ್ಣವಿಲ್ಲದ, ತೊಳೆದು ಮಾಸಿದ ಹತ್ತಿಯ ಬಿಳುಪು. ಆದ್ದರಿಂದ ಥಳಥಳಿಸುವ ನೇರಳೆ, ಹಸಿರುಗಳು 1824ರ ಗೊಂಬೆಗೆ ಒಗ್ಗುವುದಿಲ್ಲ. ಮಾಸಲು ಬಿಳಿಯ ಅಂಗಿ, ಮಡ್ಡಿಗೆಂಪಿನ ರುಮಾಲು, ಕರಿಗಂಬಳಿ ಇವು ಹತ್ತಿರದ ಊಹೆಗಳು. ಊಹೆಗೂ ಒಂದು ಶಿಸ್ತು ಇರಬೇಕೆಂಬುದೇ ಇಲ್ಲಿನ ಆಶಯ.

ಆಯುಧಕ್ಕೂ ಈ ಮಾತು ಸಲ್ಲುತ್ತದೆ. 1824ರ ಬಂದೂಕು ಬತ್ತಿಯದು ಅಥವಾ ಚಕಮಕಿ ಕಲ್ಲಿನದು. ಅದನ್ನು ಮೂತಿಯಿಂದ ಮದ್ದು ತುಂಬಿ ಹಾರಿಸಬೇಕು. ಗೊಂಬೆಯ ಕೈಗೆ ಇಂದಿನ ಪೊಲೀಸರ ರೈಫಲ್ಲಿನ ಆಕಾರ ಕೊಡುವುದು ಅಸಂಗತ.

ರಾಮದುರ್ಗದ ಸುರೇಬಾನಕ್ಕೆ ಬಂದರೆ ಕಾಲವೇ ಬದಲಾಗುತ್ತದೆ. 1858ರ ಮೇ 29ರ ರಾತ್ರಿ ನರಗುಂದದ ಬಾಬಾಸಾಹೇಬನ ಕಡೆಯವರು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದದ್ದು ಇಲ್ಲಿಯೇ. ಕಿತ್ತೂರಿಗೂ ಸುರೇಬಾನಕ್ಕೂ ನಡುವೆ 34 ವರ್ಷಗಳ ಅಂತರವಿದೆ. ಅಷ್ಟರಲ್ಲಿ ಕಂಪನಿ ಸೈನ್ಯದ ಬಂದೂಕು, ಟೋಪಿ, ಅಂಗಿಯ ಕತ್ತರಿಕೆ ಎಲ್ಲವೂ ಬದಲಾಗಿದ್ದವು. ಸವದತ್ತಿಯ ಕೋಟೆಯನ್ನು ಹಿನ್ನೆಲೆಯಾಗಿಟ್ಟು ಗೊಂಬೆ ಜೋಡಿಸುವವರು ಮತ್ತೂ ಹಿಂದಕ್ಕೆ, 18ನೆಯ ಶತಮಾನದ ದೇಸಗತಿಯ ಕಾಲಕ್ಕೆ ಹೋಗಬೇಕಾಗುತ್ತದೆ. ಹೀಗೆ ನೆರೆಯ ತಾಲೂಕುಗಳ ಗೊಂಬೆಗಳನ್ನು ಒಂದೇ ಮಾದರಿಯಲ್ಲಿ ಅಚ್ಚು ಹೊಯ್ಯುವಂತಿಲ್ಲ.

ಗೊಂಬೆಗಾರನ ನ್ಯಾಯ

ಇಷ್ಟೆಲ್ಲ ಹೇಳಿದ ಮೇಲೂ ಜಾನಪದ ವಿದ್ಯಾರ್ಥಿಗೆ ಒಂದು ಸಂಕೋಚ ಉಳಿಯುತ್ತದೆ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಮೆತ್ತಿ, ಉಜ್ವಲ ಬಣ್ಣ ಹಚ್ಚುತ್ತಾರೆ. ಅಲ್ಲಿ ಬಣ್ಣವು ಕಣ್ಣಿಗೆ ಕಂಡದ್ದರ ನಕಲು ಅಲ್ಲ, ಮಹಿಮೆಯ ಗುರುತು. ಬೈಲಹೊಂಗಲದ ಸಮಾಧಿಗೆ ಕೈಮುಗಿದು ಬಂದವರಿಗೆ ಚೆನ್ನಮ್ಮ ಸಂಸ್ಥಾನದ ರಾಣಿ ಮಾತ್ರವಲ್ಲ, ತಾಯಿ. ಅವಳ ಗೊಂಬೆಗೆ ಮಾಸಲು ಬಣ್ಣ ಹಚ್ಚಿರೆಂದು ಹೇಳುವ ಅಧಿಕಾರ ಸಂಶೋಧಕನಿಗೆ ಇದೆಯೇ?

ಈ ಲೇಖಕನ ಅಭಿಪ್ರಾಯದಲ್ಲಿ ಎರಡು ಬಗೆಯ ಗೊಂಬೆಗಳನ್ನು ಪ್ರತ್ಯೇಕವಾಗಿ ಕಾಣುವುದು ಉಚಿತ. ಭಕ್ತಿಯ ಗೊಂಬೆ ತನ್ನ ಬಂಗಾರದ ಬಣ್ಣದಲ್ಲಿಯೇ ಇರಲಿ. ಮಗುವಿಗೆ ಚರಿತ್ರೆ ಕಲಿಸಲು ಶಾಲೆಯಲ್ಲಿಯೋ ಸಂಗ್ರಹಾಲಯದಲ್ಲಿಯೋ ಇಡುವ ಗೊಂಬೆ ಮಾತ್ರ ಸಾಕ್ಷ್ಯಕ್ಕೆ ಬದ್ಧವಾಗಿರಲಿ.

ಉಪಸಂಹಾರ

ಮರುವರ್ಷ ಆ ಗೊಂಬೆಗಾರರನ್ನು ಕಂಡು ಇದನ್ನೆಲ್ಲ ವಿವರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಅಂದ್ರ ನಮ್ಮಪ್ಪ ಹೊಲಕ್ಕ ಹೋಗೂವಾಗ ಉಡ್ತಿದ್ನಲ್ಲ, ಹಂಗ ಅನ್ರಿ" ಎಂದರು. ನಾನು ಇಷ್ಟು ಪುಟಗಳಲ್ಲಿ ಹೇಳಿದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಕಿತ್ತೂರಿನ ಸೈನಿಕನ ಉಡುಪು ಹೊಲದಿಂದ ಬಂದದ್ದು. ಈ ಸೀಮೆಯ ಹಿರಿಯರ ಹಳೆಯ ಉಡುಗೆಗಳನ್ನು, ಅವುಗಳ ಹೆಸರು, ಕಟ್ಟುವ ಕ್ರಮ, ನೇಯ್ಗೆ, ಬಣ್ಣಗಳೊಡನೆ ದಾಖಲಿಸುವ ಕಾರ್ಯ ತುರ್ತಾಗಿ ಆಗಬೇಕಾಗಿದೆ. ಉಟ್ಟವರ ನೆನಪು ಅಳಿದ ಮೇಲೆ ಗೊಂಬೆಗೆ ಬಣ್ಣ ಹೇಳುವವರು ಯಾರೂ ಇರುವುದಿಲ್ಲ.