ನಿಮಗಿದು ಗೊತ್ತೆ? ಮೀಸೆ ಬುಡದ ಚುಕ್ಕೆಯೇ ಸಿಂಹದ ಗುರುತು

ಸಿಂಹಗಳ ಗುಂಪಿನಲ್ಲಿ ಯಾವುದು ಯಾವುದೆಂದು ಹೇಳಲು ಸಂಶೋಧಕರು ಅದರ ಕೇಸರವನ್ನು ನೆಚ್ಚುವುದಿಲ್ಲ. ನೋಡುವುದು ಮೀಸೆಯ ಬುಡದ ಕಪ್ಪು ಚುಕ್ಕೆಗಳನ್ನು!

ಮೀಸೆಯ ಸಾಲುಗಳ ಮೇಲ್ಗಡೆ ಕೆಲವೇ ಚುಕ್ಕೆಗಳು ಬಿಡಿಯಾಗಿ ನಿಂತಿರುತ್ತವೆ. ಅವು ಎಷ್ಟಿವೆ, ಕೆಳಗಿನ ಸಾಲಿನ ಯಾವ ಚುಕ್ಕೆಯ ನೇರಕ್ಕಿವೆ ಎಂಬುದೇ ಲೆಕ್ಕ. ನಮ್ಮ ಬೆರಳಚ್ಚಿನಂತೆ ಈ ವಿನ್ಯಾಸ ಜೀವನಪೂರ್ತಿ ಬದಲಾಗದು. ಎಡ, ಬಲ ಎರಡೂ ಕೆನ್ನೆ ಸೇರಿಸಿ ನೋಡಿದರೆ ಒಂದರಂತೆ ಇನ್ನೊಂದು ಸಿಗುವುದು ತೀರಾ ಅಪರೂಪ.

ಟಾಂಜಾನಿಯಾದ ಸೆರೆಂಗೆಟಿ ಹುಲ್ಲುಗಾವಲಿನಲ್ಲಿ 1966ರಲ್ಲಿ ಪ್ರಾಣಿವಿಜ್ಞಾನಿ ಜಾರ್ಜ್ ಶಾಲರ್ ಸಿಂಹಗಳ ಅಧ್ಯಯನ ಆರಂಭಿಸಿದರು. ಅದು ದಶಕಗಳ ಕಾಲ ಮುಂದುವರಿಯಿತು. ಅಧ್ಯಯನದಲ್ಲಿದ್ದ ಪ್ರತಿ ಸಿಂಹಕ್ಕೂ ಒಂದು ಕಾರ್ಡ್. ಅದರಲ್ಲಿ ಮೀಸೆ ಚುಕ್ಕೆ, ಕಿವಿಯ ಹರಕು, ಗಾಯದ ಕಲೆಗಳ ದಾಖಲೆ.

ಕ್ಷೇತ್ರ ಕಾರ್ಯದ ದಿನಚರಿಯಲ್ಲಿ ತಾಳ್ಮೆಯದೇ ದೊಡ್ಡ ಪಾಲು. ಗುಂಪಿನ ಒಂದು ಹೆಣ್ಣಿಗೆ ತೊಡಿಸಿದ ರೇಡಿಯೋ ಕಾಲರ್‌ನ ಸದ್ದು ಹಿಡಿದು ಜೀಪಿನಲ್ಲಿ ಹುಡುಕಬೇಕು. ಸಿಕ್ಕ ಮೇಲೂ ಕೆಲಸ ಮುಗಿಯದು. ಸಿಂಹಗಳು ಹಗಲಿಡೀ ಮಲಗಿಯೇ ಇರುತ್ತವೆ. ಒಂದು ಕೆನ್ನೆ ಕಂಡರೆ ಇನ್ನೊಂದು ನೆಲಕ್ಕಂಟಿರುತ್ತದೆ. ಸಿಂಹ ತಾನಾಗಿ ಮಗ್ಗುಲು ಬದಲಿಸುವವರೆಗೆ ಬೈನಾಕ್ಯುಲರ್ ಹಿಡಿದು ಕಾಯಬೇಕು. ಮುಟ್ಟದೆ, ಬೆದರಿಸದೆ ಗುರುತಿಸುವ ಈ ವಿಧಾನ ನಿಜಕ್ಕೂ ಮೆಚ್ಚುವಂಥದ್ದು.

ವಯಸ್ಸು ತಿಳಿಯಲು ಮೂಗು ನೋಡಿದರಾಯಿತು. ಮರಿಯ ಮೂಗು ನಸುಗೆಂಪು. ವಯಸ್ಸಾದಂತೆ ಕಪ್ಪು ಮಚ್ಚೆ ಹರಡುತ್ತದೆ. ಸೆರೆಂಗೆಟಿಯ ಸಿಂಹಕ್ಕೆ ಐದಾರು ವರ್ಷವಾಗುವಷ್ಟರಲ್ಲಿ ಸುಮಾರು ಅರ್ಧ ಮೂಗು ಕಪ್ಪಾಗಿರುತ್ತದೆ.