ಉಂಗುರದ ಒಳಮೈ

ಬರ್ಮಿಂಗ್‌ಹ್ಯಾಮ್‌ನಲ್ಲಿ ನೆಲೆಸಿರುವ ಗೆಳತಿಯೊಬ್ಬಳು ರಜೆಗೆ ದಾವಣಗೆರೆಗೆ ಬಂದಿದ್ದಳು. ಬೆರಳಲ್ಲಿ ಸಾದಾ ಬಳೆಯಂಥ ಚಿನ್ನದ ಉಂಗುರ. ಹರಳಿಲ್ಲ, ಚಿತ್ತಾರವಿಲ್ಲ. ಅಲ್ಲಿನ ಹಳೇ ಒಡವೆ ಅಂಗಡಿಯಲ್ಲಿ ಕೊಂಡದ್ದಂತೆ. ಸಡಿಲವಾಗುತ್ತದೆ ಎಂದು ಚಿನಿವಾರರಲ್ಲಿಗೆ ಒಯ್ದೆವು. ಅವರು ಒರೆಗಲ್ಲಿಗೆ ತಿಕ್ಕಿ, ತಕ್ಕಡಿಗೆ ಹಾಕಿ, "ಚಿನ್ನ ಚೆನ್ನಾಗಿದೆ ಅಕ್ಕಾ, ಸವೆದಿದೆ ಅಷ್ಟೆ. ಕರಗಿಸಿ ಹೊಸ ಡಿಸೈನ್ ಮಾಡಿಕೊಡ್ತೀನಿ" ಎಂದರು. ಗೆಳತಿ ಗಾಬರಿಯಿಂದ ಉಂಗುರ ಕಿತ್ತುಕೊಂಡಳು. ಮನೆಯಲ್ಲಿ ಅವಳ ತಾಯಿಯ ಗಾಬರಿಯೇ ಬೇರೆ: "ಯಾರದೋ ಮದುವೆ ಉಂಗುರ. ಹೇಗೆ ಬಾಳಿದರೋ ಏನೋ. ನೀನ್ಯಾಕೆ ಹಾಕ್ಕೊಂಡಿದ್ದೀಯೇ?"

ಇಂಗ್ಲೆಂಡಿನ ಹಳೇ ಮದುವೆ ಉಂಗುರವನ್ನು ಒಳಗಿನಿಂದ ಓದಬೇಕು. ಭೂತಗನ್ನಡಿ ಹಿಡಿದರೆ ಅದರ ಒಳಮೈಯಲ್ಲಿ ಎಳ್ಳುಕಾಳಿಗಿಂತ ಚಿಕ್ಕ ಮುದ್ರೆಗಳ ಸಾಲು. ಮೊದಲು ಮಾಡಿದವನ ಇನಿಷಿಯಲ್. ಆಮೇಲೆ ಕಿರೀಟ, ಪಕ್ಕದಲ್ಲಿ 22. ಅಂದರೆ 22 ಕ್ಯಾರೆಟ್, ನಮ್ಮವರು 916 ಅನ್ನುವ ಅದೇ ಚಿನ್ನ. ಆಮೇಲೊಂದು ಲಂಗರು. 1773ರಲ್ಲಿ ಶುರುವಾದ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಕಚೇರಿಯ ಗುರುತು ಇದು. ಸಮುದ್ರವೇ ಇಲ್ಲದ ಊರಿಗೆ ಲಂಗರು! ಕೊನೆಯಲ್ಲಿ ಒಂಟಿ ಅಕ್ಷರ. ವರ್ಷಕ್ಕೊಂದು ಅಕ್ಷರ ಒತ್ತುವ ಈ ಪದ್ಧತಿ ಲಂಡನ್ನಿನಲ್ಲಿ 1478ರಿಂದ ಇದೆ. ಪಟ್ಟಿಯೊಂದಿಗೆ ತಾಳೆ ನೋಡಿದರೆ ಗೆಳತಿಯ ಉಂಗುರ 1890ರ ದಶಕದ್ದು. ಮದುವೆ ಉಂಗುರ ಎಷ್ಟೇ ಹಗುರವಾಗಿರಲಿ, ಮುದ್ರೆ ಬೀಳಲೇಬೇಕೆಂದು 1855ರಲ್ಲಿ ಕಾನೂನಾಯಿತು. ಅದಕ್ಕೂ ಹಿಂದಿನವುಗಳ ವಯಸ್ಸು ಹೇಳಲು ಅನುಭವಿ ಕಣ್ಣೇ ಬೇಕು.

1855ರ ಆ ಕಾನೂನಿಗಿಂತ ಹಳೆಯದು ಪ್ರೇಮಿಗಳ ಬರಹ. ಹದಿನೈದನೇ ಶತಮಾನದಿಂದ ಹದಿನೆಂಟರವರೆಗೆ ಇಂಗ್ಲೆಂಡಿನಲ್ಲಿ 'ಪೋಸಿ' ಉಂಗುರಗಳ ಕಾಲ. ಪೋಸಿ ಎಂದರೆ ಪುಟ್ಟ ಪದ್ಯ; ಪೊಯೆಸಿ ಎಂಬ ಮಾತಿನ ಸವೆದ ರೂಪ. ಮೊದಮೊದಲು ಅದನ್ನು ಉಂಗುರದ ಹೊರಗೇ ಕೊರೆಯುತ್ತಿದ್ದರು, ಹೆಚ್ಚಾಗಿ ಫ್ರೆಂಚ್ ಭಾಷೆಯಲ್ಲಿ. ಬರಬರುತ್ತ ಬರಹ ಒಳಗೆ ಸೇರಿತು, ಭಾಷೆ ಇಂಗ್ಲಿಷಾಯಿತು. ಹೊರಗೆ ಬೋಳು ಬಳೆ. ಒಳಗೆ, ಚರ್ಮಕ್ಕೆ ತಾಗುವಂತೆ, 'ದೇವರು ಕೂಡಿಸಿದ ಜೋಡಿ' ಎಂಬರ್ಥದ ಪ್ರಾಸಬದ್ಧ ಸಾಲು. ಕಾಗುಣಿತ ಒಬ್ಬೊಬ್ಬರದು ಒಂದೊಂದು ತರಹ. ಮುಯ್ಯಿ ಕೊಡುವ ಪಾತ್ರೆಯ ಮೇಲೆ ಅಂಗಡಿಯವನು ಹೆಸರು ಕೊರೆಯುವಾಗ ಒತ್ತಕ್ಷರ ನುಂಗುವುದನ್ನು ಕಂಡವರಿಗೆ ಇದು ಹೊಸದಲ್ಲ.

ಎಲ್ಲರೂ ಸ್ವಂತವಾಗಿ ಪದ್ಯ ಕಟ್ಟುತ್ತಿದ್ದರೆಂದೇನೂ ಅಲ್ಲ. 1624ರಲ್ಲಿ 'ಲವ್ಸ್ ಗಾರ್ಲೆಂಡ್' ಎಂಬ ಪುಸ್ತಕವೇ ಬಂತು: ಉಂಗುರ, ಕರವಸ್ತ್ರ, ಕೈಗವಸುಗಳಿಗೆ ಬರೆಸಲು ಸಿದ್ಧ ಸಾಲುಗಳು. ನಮ್ಮ ಲಗ್ನಪತ್ರಿಕೆ ಪ್ರೆಸ್ಸಿನವರ ಹತ್ತಿರ ಇರುವ ಮಾದರಿ ಪುಸ್ತಕದ ಹಾಗೆ. ಶೇಕ್ಸ್‌ಪಿಯರನಿಗೂ ಇಂಥ ಸಿದ್ಧ ಸಾಲುಗಳು ಚೆನ್ನಾಗಿ ಗೊತ್ತಿದ್ದವು. 'ಮರ್ಚೆಂಟ್ ಆಫ್ ವೆನಿಸ್'ನ ಕೊನೆಯಲ್ಲಿ ಗ್ರೇಷಿಯಾನೊ, ಹೆಂಡತಿ ನೆರಿಸ್ಸಾ ಕೊಟ್ಟ ಉಂಗುರವನ್ನು ಬೇರೆಯವರಿಗೆ ಕೊಟ್ಟು ಬಂದು, ಅದರ ಪೋಸಿಯನ್ನು ಚಾಕುವಿನ ಮೇಲೆ ಕೊರೆಯುವ ಪದ್ಯಕ್ಕೆ ಹೋಲಿಸಿ ಹಗುರಾಗಿ ಮಾತಾಡುತ್ತಾನೆ, ಬೈಸಿಕೊಳ್ಳುತ್ತಾನೆ. ಲಿಂಕನ್‌ನ ಬಿಷಪ್ ಜಾನ್ ಥಾಮಸ್ ಬಗ್ಗೆ ಒಂದು ಕತೆಯಿದೆ: ನಾಲ್ಕನೇ ಮದುವೆಯ ಉಂಗುರದಲ್ಲಿ, ನಾನು ಉಳಿದರೆ ಐದನೆಯದೂ ಆಗುತ್ತೆ ಎಂಬರ್ಥದ ಪ್ರಾಸ ಬರೆಸಿದ್ದರಂತೆ. ನಿಜವೋ, ಯಾರೋ ತುಂಟರು ಕಟ್ಟಿದ್ದೋ.

ಒಳಗೆ ಬಚ್ಚಿಡುವ ಈ ಹುಚ್ಚು ತುತ್ತತುದಿ ಮುಟ್ಟಿದ್ದು 'ಗಿಮ್ಮಲ್' ಉಂಗುರಗಳಲ್ಲಿ. ಲ್ಯಾಟಿನ್ನಿನಲ್ಲಿ ಅವಳಿ ಎನ್ನುವ ಪದದಿಂದ ಬಂದ ಹೆಸರು. ಎರಡು ಬಳೆಗಳು ಕೆಳಗೆ ಒಂದು ಕೀಲಿಗೆ ಸಿಕ್ಕಿಕೊಂಡಿರುತ್ತವೆ. ಮುಚ್ಚಿದರೆ ಒಂದೇ ಉಂಗುರ, ಬೀಸಣಿಗೆಯಂತೆ ಬಿಚ್ಚಿದರೆ ಎರಡು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ 1631ರ ಜರ್ಮನ್ ಗಿಮ್ಮಲ್ ಒಂದಿದೆ. ಮೇಲೆ ಒಂದು ಮಾಣಿಕ್ಯ, ಒಂದು ವಜ್ರ. ಬಿಚ್ಚಿದರೆ ಹರಳುಗಳ ಅಡಿಯಲ್ಲಿ ಎರಡು ಪುಟ್ಟ ಗೂಡು: ಒಂದರಲ್ಲಿ ಹಸುಗೂಸು, ಇನ್ನೊಂದರಲ್ಲಿ ಅಸ್ಥಿಪಂಜರ. ಮದುವೆಯ ದಿನ ಹುಟ್ಟು ಸಾವು ಎರಡನ್ನೂ ಬೆರಳಿಗೆ ತೊಡಿಸಿದ ಆ ಅಕ್ಕಸಾಲಿಗನ ಧೈರ್ಯಕ್ಕೆ ಏನೆನ್ನಬೇಕೋ. ನಮ್ಮಲ್ಲಿ ಮುಹೂರ್ತದ ಹೊತ್ತಿಗೆ ಯಾರಾದರೂ ಸೀನಿದರೂ ಮುಖ ಕಪ್ಪಿಡುತ್ತದೆ.

ಹರಳಿಗೂ ತನ್ನದೇ ಗುಟ್ಟು. ಹದಿನೆಂಟನೇ ಶತಮಾನದ ಇಂಗ್ಲಿಷ್ ಉಂಗುರಗಳಲ್ಲಿ ಹರಳಿನ ಹಿಂಬದಿ ಮುಚ್ಚಿರುತ್ತದೆ, ಒಳಗೆ ತೆಳುವಾದ ಲೋಹದ ಹಾಳೆ. ಮೋಂಬತ್ತಿಯ ಬೆಳಕು ಅದಕ್ಕೆ ಬಡಿದು ಹರಳು ಉರಿಯುತ್ತದೆ. ಕುಂದಣದ ಕೆಲಸ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ನೀರು ಸೋಂಕಿದರೆ ಹಾಳೆ ಕಪ್ಪಾಗುವ ಕಾಟವೂ ಅದೇ. ಮುಂದೆ ಹರಳುಗಳಲ್ಲೇ ಬರೆಯುವ ಫ್ಯಾಷನ್ ಬಂತು: ಮಾಣಿಕ್ಯ, ಪಚ್ಚೆ, ಗಾರ್ನೆಟ್, ಅಮೆಥಿಸ್ಟ್, ಮತ್ತೆ ಮಾಣಿಕ್ಯ, ಡೈಮಂಡ್ ಎಂದು ಸಾಲಾಗಿ ಕೂರಿಸಿದರೆ ಅವುಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿ 'ರಿಗಾರ್ಡ್' ಆಗುತ್ತದೆ. ವಿಕ್ಟೋರಿಯಾ ರಾಣಿಗೆ ಆಲ್ಬರ್ಟ್ ಕೊಟ್ಟ ನಿಶ್ಚಿತಾರ್ಥದ ಉಂಗುರವಂತೂ ಪಚ್ಚೆಯ ಹಾವು. ಹಾವು ಅಲ್ಲಿ ಕೊನೆಯಿಲ್ಲದ ಪ್ರೀತಿಯ ಗುರುತು.

ನನಗೆ ಇವೆಲ್ಲಕ್ಕಿಂತ ಇಷ್ಟವಾಗುವುದು ಬಡ ಉಂಗುರ. ಎರಡನೇ ಮಹಾಯುದ್ಧದಲ್ಲಿ ಚಿನ್ನಕ್ಕೆ ತತ್ವಾರ ಬಂದು, 1942ರಿಂದ ಬ್ರಿಟನ್ನಿನಲ್ಲಿ 'ಯುಟಿಲಿಟಿ' ಮದುವೆ ಉಂಗುರ ಬಂತು: ಬರೀ 9 ಕ್ಯಾರೆಟ್, ತೂಕ ಸುಮಾರು 3 ಗ್ರಾಂ ಮೀರುವಂತಿಲ್ಲ, ಒಳಗೆ ಅದರದೇ ಮುದ್ರೆ. ರೇಷನ್ನಿನ ಉಂಗುರ. ಮಾರುವವರು ಈಗಲೂ ಅದಕ್ಕೆ ಹೆಚ್ಚು ಬೆಲೆ ಹೇಳುವುದಿಲ್ಲ.

ಗೆಳತಿಯ ತಾಯಿಯನ್ನು ಸಮಾಧಾನ ಮಾಡಲು ನಾನೊಂದು ವಾದ ಹೂಡಿದೆ. 1880ರ ದಶಕದಿಂದ ಕೋಲಾರದ ಗಣಿಯನ್ನು ನಡೆಸಿದ್ದು ಜಾನ್ ಟೇಲರ್ ಕಂಪನಿ. ಚಿನ್ನ ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು. ಅಲ್ಲಿ ಎಲ್ಲ ದೇಶದ ಚಿನ್ನದ ಜೊತೆ ಕರಗಿ ಬೆರೆತುಹೋಯಿತು. ಈ ಉಂಗುರದಲ್ಲಿ ಅದರ ಸಾಸಿವೆಯಷ್ಟು ಇಲ್ಲವೆಂದು ಯಾರು ಹೇಳಬೇಕು? "ನಮ್ಮ ಚಿನ್ನ ಆದ್ರೆ ಸರಿ" ಎಂದರು, ಅರೆಮನಸ್ಸಿನಿಂದ.

ಸೈಜು ಮಾಡಿಸುವುದು ಬಾಕಿ ಉಳಿದಿತ್ತು. ಉಂಗುರ ಚಿಕ್ಕದು ಮಾಡಲು ಒಂದು ತುಂಡು ಕತ್ತರಿಸಿ ಬೆಸುಗೆ ಹಾಕಬೇಕು. ಕತ್ತರಿ ಎಲ್ಲಿ ಬೀಳುತ್ತದೋ ಅಲ್ಲಿನ ಮುದ್ರೆ ಹೋಯಿತೆಂದೇ ಲೆಕ್ಕ. ಮುದ್ರೆಗಳ ಎದುರು ಬದಿಯಲ್ಲಿ, ಕಣ್ಣಿಗೆ ಕಂಡೂ ಕಾಣದಂತೆ, ಒಂದು ಹಳೆಯ ಬೆಸುಗೆ ಗೆರೆ ಆಗಲೇ ಇತ್ತು. ಇನ್ಯಾವುದೋ ಬೆರಳಿಗೂ ಇದು ಸಡಿಲವಾಗಿತ್ತು. ಚಿನಿವಾರರು ಕನ್ನಡಕ ಮೇಲೇರಿಸಿ, ಅದೇ ಗೆರೆಗೆ ಗರಗಸ ಇಟ್ಟರು.