ಸೇಲಂ, ಧರ್ಮಪುರಿಯಲ್ಲಿ ಏಡ್ಸ್ ತಡೆಗೆ ನಿಂತ ಹೆಣ್ಣುಮಕ್ಕಳು

ಪ್ರಶ್ನೆ: ಏಡ್ಸ್ ಹಬ್ಬುತ್ತಿದ್ದಾಗ ಬೆಂಗಳೂರು–ಸೇಲಂ ಹೆದ್ದಾರಿಯ ಲೈಂಗಿಕ ಕಾರ್ಯಕರ್ತೆಯರಿಗಾಗಿ ಏನು ಮಾಡಿದರು?

ಉತ್ತರ: ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನ ಲೈಂಗಿಕ ಕಾರ್ಯಕರ್ತೆಯರ ರಕ್ತದಲ್ಲಿ. ಸೋಂಕಿದೆಯೆಂದು ಕೆಲವರನ್ನು ಬಂಧನದ ಅವಧಿ ಮುಗಿದ ಮೇಲೂ ಕೂಡಿಹಾಕಿದರು; ಬಿಡುಗಡೆಗೆ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಇದು ಅನ್ಯಾಯ ಮಾತ್ರವಲ್ಲ, ರೋಗತಡೆಗೂ ಕೇಡು. ಹೆದರಿದವರು ಆಸ್ಪತ್ರೆಯ ಕಡೆ ತಲೆಹಾಕುವುದಿಲ್ಲ.

2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ಶುರುವಾದ ‘ಆವಾಹನ್’ ಎಚ್‌ಐವಿ ತಡೆ ಯೋಜನೆ ಬೇರೆ ದಾರಿ ಹಿಡಿಯಿತು. ಸೇಲಂ, ಧರ್ಮಪುರಿ ಎರಡೂ ಅದರ ವ್ಯಾಪ್ತಿಯಲ್ಲಿದ್ದವು. ಇಲ್ಲಿ ಮುಂಬಯಿಯ ಕಾಮಾಟಿಪುರದಂಥ ಲೈಂಗಿಕ ವೃತ್ತಿಯ ಕೇರಿಯಿಲ್ಲ. ವ್ಯವಹಾರವೆಲ್ಲ ಬಸ್‌ಸ್ಟ್ಯಾಂಡು, ಲಾಡ್ಜು, ಮನೆಗಳಲ್ಲಿ ಚದುರಿಹೋಗಿದೆ. ಹೊರಗಿನವರಿಗೆ ಈ ಹೆಂಗಸರು ಸಿಗುವುದೇ ಕಷ್ಟ. ಹಾಗಾಗಿ ಅದೇ ವೃತ್ತಿಯ ಹೆಂಗಸರನ್ನೇ ಕಾರ್ಯಕರ್ತೆಯರನ್ನಾಗಿ ತರಬೇತುಗೊಳಿಸಿದರು. ಅವರು ಗೆಳತಿಯರಿಗೆ ಕಾಂಡೋಮ್ ಹಂಚಿದರು, ಗುಪ್ತರೋಗದ ಚಿಕಿತ್ಸೆಗೆ ಜೊತೆಯಲ್ಲೇ ಕರೆದೊಯ್ದರು. ಯೋಜನೆಯ ನಿಜವಾದ ಬಲ ಅವರೇ.

ಕೋವಿಡ್ ಬಂದಾಗ ಈ ಹೆಂಗಸರ ಹೊಟ್ಟೆಪಾಡೇ ನಿಂತಿತು. 2020ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಗುರುತಿನ ದಾಖಲೆ ಕೇಳದೆ ಇವರಿಗೆ ಪಡಿತರ ಕೊಡಿ ಎಂದು ರಾಜ್ಯಗಳಿಗೆ ಆದೇಶಿಸಿತು. ಅದು ಮೊದಲ ತಿಂಗಳಲ್ಲೇ ಆಗಬೇಕಿತ್ತು.

ಎಚ್‌ಐವಿ ಪರೀಕ್ಷೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಅನುಮಾನವಿದ್ದರೆ 1097ಕ್ಕೆ ಕರೆಮಾಡಿ. ಆ ಕರೆಗೂ ದುಡ್ಡಿಲ್ಲ.